ಕಜಿಯಾಡೊದಲ್ಲಿ ಒಂದು ಕೀಲಿಕೈ

ನೈರೋಬಿಗೆ ಬಂದು ಒಂದೂವರೆ ವರ್ಷ ಆಗಿತ್ತು. ಆದರೂ ನಾನು ಕೀನ್ಯಾ ನೋಡಿರಲಿಲ್ಲ ಅಂತಲೇ ಹೇಳಬೇಕು. ಮನೆ, ಆಫೀಸು, ಶನಿವಾರ ಸಂಜೆ ಪಾರ್ಕ್‌ಲ್ಯಾಂಡ್ಸ್‌ನ ಇಂಡಿಯನ್ ಅಂಗಡಿಯಲ್ಲಿ ಕರಿಬೇವು, ಅವಲಕ್ಕಿ. ಅಷ್ಟೇ ನನ್ನ ಆಫ್ರಿಕಾ. ಗದಗಿನಿಂದ ಅವ್ವ ಫೋನ್ ಮಾಡಿದಾಗಲೆಲ್ಲ “ಸಿಂಹ ನೋಡಿದೇನು?” ಅಂತ ಕೇಳೋದು, ನಾನು “ಟ್ರಾಫಿಕ್ ನೋಡೇನಿ” ಅನ್ನೋದು.

ಹೀಗಿರುವಾಗ 2024ರ ಫೆಬ್ರವರಿಯ ಒಂದು ಶುಕ್ರವಾರ, ಬೆಳಿಗ್ಗೆ 6 ಗಂಟೆಗೆ, 12 ಹಳೇ ಲ್ಯಾಪ್‌ಟಾಪ್‌ಗಳನ್ನು ಬೆಡ್‌ಶೀಟಿನಲ್ಲಿ ಸುತ್ತಿ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಕಜಿಯಾಡೊ ಕೌಂಟಿಯ ಒಂದು ಹಳ್ಳಿ ಶಾಲೆಗೆ ಹೊರಟೆ. ನಮ್ಮದು ಬೆಂಗಳೂರಿನ ಕಂಪನಿಯ ನೈರೋಬಿ ಶಾಖೆ. ಮೂರು ವರ್ಷಕ್ಕೊಮ್ಮೆ ಆಫೀಸಿನ ಲ್ಯಾಪ್‌ಟಾಪ್ ಬದಲಾಗುತ್ತವೆ. ಹಳೆಯವನ್ನು ಒರೆಸಿ, ಅಳಿಸಿ ಹಳ್ಳಿ ಶಾಲೆಗಳಿಗೆ ಕೊಡುತ್ತೇವೆ. ಅದರ ಕಾಗದಪತ್ರದ ಕೆಲಸ ನಾನು ಬಂದ ಹೊಸದರಲ್ಲೇ ನನ್ನ ತಲೆಗೆ ಬಂದಿತ್ತು. ಇದೇ ಶಾಲೆಗೆ 2022ರ ಕೊನೆಯಲ್ಲಿ 15 ಲ್ಯಾಪ್‌ಟಾಪ್ ಕಳಿಸಿದ್ದೆವು. ಫಾರಂ ಮಾಡಿದ್ದು ನಾನು, ಸಹಿ ಹಾಕಿಸಿಕೊಂಡು ಬಂದದ್ದು ಬೇರೆ ಯಾರೋ. ಶಾಲೆಯನ್ನು ನಾನು ಫೋಟೊದಲ್ಲಷ್ಟೇ ನೋಡಿದ್ದೆ. ಫೋಟೊದಲ್ಲಿ ಮಕ್ಕಳೆಲ್ಲ ನಗುತ್ತಿದ್ದರು. ಅದು ನಮ್ಮ ಆ ವರ್ಷದ ಕ್ಯಾಲೆಂಡರಿನಲ್ಲೂ ಬಂದಿತ್ತು.

ದಾರಿಯ ಬಗ್ಗೆ ಸ್ವಲ್ಪ ಹೇಳಲೇಬೇಕು. ನೈರೋಬಿಯಿಂದ ಕಜಿಯಾಡೊ ಪಟ್ಟಣಕ್ಕೆ ನೇರ ಹೆದ್ದಾರಿಯಲ್ಲಿ ಸುಮಾರು 80 ಕಿಲೋಮೀಟರ್. ಅದೇ ರಸ್ತೆ ಮುಂದೆ ನಮಂಗಾದಲ್ಲಿ ಟಾಂಜಾನಿಯಾ ಗಡಿ ಮುಟ್ಟುತ್ತದೆ. ಆ ರಸ್ತೆಯ ಲಾರಿ ಸಾಲು ಬೇಡ ಅಂತ ನಮ್ಮ ಡ್ರೈವರ್ ಕಿಸೇರಿಯನ್ ಕಡೆಯಿಂದ ಸುತ್ತು ಹಾಕಿದರು. ಅಲ್ಲಿ ಬಲಕ್ಕೆ ನ್ಗಾಂಗ್ ಬೆಟ್ಟದ ಸಾಲು. ನೆತ್ತಿಯ ಮೇಲೆ ಬಿಳಿ ಗಾಳಿಯಂತ್ರಗಳು ನಿಧಾನಕ್ಕೆ ತಿರುಗುತ್ತಿದ್ದವು. ಒಂದು ಕ್ಷಣ ಕಪ್ಪತಗುಡ್ಡ ಅನ್ನಿಸಿತು. ಫೋನ್ ತೆಗೆದು ಅವ್ವನಿಗೆ ಫೋಟೊ ಕಳಿಸಿದೆ. “ಯಾವಾಗ ಬಂದಿ ಊರಿಗೆ?” ಅಂತ ಉತ್ತರ ಬಂತು.

ಇಸಿನ್ಯಾ ಹತ್ತಿರ ಬಂದರೆ ನೆಲವೂ ನಮ್ಮದೇ. ಕಪ್ಪು ಎರೆ ಮಣ್ಣು! ಒಣಗಿದರೆ ಬಿರುಕು, ನೆನೆದರೆ ಚಪ್ಪಲಿ ಕಿತ್ತುಕೊಳ್ಳುವ ಅದೇ ಹಟಮಾರಿ ಮಣ್ಣು. ಜೋಳ ಒಂದು ಇರಲಿಲ್ಲ. ಬದಲಿಗೆ ಹುಲ್ಲು, ಛತ್ರಿಯಂಥ ಅಕೇಶಿಯಾ ಮರ, ದೂರದಲ್ಲಿ ಕೆಂಪು ಚೌಕಳಿ ಬಟ್ಟೆ ಹೊದ್ದ ಮಸಾಯಿ ಹುಡುಗ, ಅವನ ಮುಂದೆ ಮೇಕೆ ಹಿಂಡು. ಡಾಂಬರು ಮುಗಿದ ಕಡೆ ಡ್ರೈವರ್ “ಇನ್ನು ಮುಂದೆ ಮುರಮ್” ಅಂದರು. ನಾನು ಏನಂದ್ರಿ ಅಂತ ಎರಡು ಸಲ ಕೇಳಿದೆ. ಹೌದು, ಮೊರಂ! ನಮ್ಮ ರಸ್ತೆ ಗುತ್ತಿಗೆದಾರರು ಹೇಳೋ ಅದೇ ಮೊರಂ ಇಲ್ಲಿ ಮಣ್ಣಿನ ರಸ್ತೆಗೆ ಹೆಸರು. ಗಾಡಿಗೆ ‘ಗಾರಿ’, ಅಂಗಡಿಗೆ ‘ದುಕಾ’, ಚಪಾತಿಗೆ ಚಪಾತಿ. ಸ್ವಾಹಿಲಿಯಲ್ಲಿ ಹೀಗೆ ನಮ್ಮ ಕಡೆಯ ಪದಗಳು ಬೇಕಾದಷ್ಟಿವೆ. ಕಂಪ್ಯೂಟರಿಗೆ ಏನಂತೀರಿ ಅಂತ ಕೇಳಿದೆ. “ಪುಸ್ತಕದಲ್ಲಿ ತರಕಿಲಿಶಿ ಅಂತಿದೆ. ಬಾಯಲ್ಲಿ ಕೊಂಪ್ಯೂಟಾ” ಅಂದರು. ನಮ್ಮ ಗಣಕಯಂತ್ರದ ಗತಿಯೇ ಪಾಪ ಅದಕ್ಕೂ.

ಮೊರಂ ರಸ್ತೆಯಲ್ಲಿ ಮುಕ್ಕಾಲು ಗಂಟೆ ಕುಲುಕಿಸಿಕೊಂಡು ಶಾಲೆ ಮುಟ್ಟಿದಾಗ 9 ಗಂಟೆ ದಾಟಿತ್ತು. ತಗಡಿನ ಮಾಡಿನ ಉದ್ದ ಕಟ್ಟಡ ಎರಡು, ನೀರಿನ ಕಪ್ಪು ಟ್ಯಾಂಕ್, ಮಧ್ಯೆ ಧ್ವಜಸ್ತಂಭ. ಕಾರಿನಿಂದ ಇಳಿಯುತ್ತಿದ್ದ ಹಾಗೆ ಸಣ್ಣ ಮಕ್ಕಳು ಓಡಿಬಂದು ಎದುರು ನಿಂತು ತಲೆ ಬಗ್ಗಿಸಿಬಿಟ್ಟವು. ನಾನು ಪೆದ್ದಿಯ ಹಾಗೆ ನಿಂತಿದ್ದೆ. ಡ್ರೈವರ್ ಮೆಲ್ಲಗೆ, “ತಲೆ ಮುಟ್ಟಿ ಮೇಡಂ, ಮಸಾಯಿಗಳಲ್ಲಿ ಮಕ್ಕಳು ದೊಡ್ಡವರಿಗೆ ನಮಸ್ಕಾರ ಹೇಳೋದು ಹೀಗೆ” ಅಂದರು. ಒಂದೊಂದೇ ತಲೆ ಮುಟ್ಟುತ್ತಾ ಹೋದೆ. ನುಣ್ಣಗೆ ಬೋಳಿಸಿದ ತಲೆಗಳು, ಬಿಸಿಲಿಗೆ ಬೆಚ್ಚಗಿದ್ದವು. ಮೂವತ್ತು ವಯಸ್ಸಿಗೇ ಅಜ್ಜಿಯಾದೆ ಅನ್ನಿಸಿತು!

ಮುಖ್ಯ ಶಿಕ್ಷಕಿ ಐವತ್ತರ ಹತ್ತಿರದವರು. ಕೈಕುಲುಕಿ, ಹಾಲು ಹಾಕಿ ಕುದಿಸಿದ ಚಹಾ ಕೊಟ್ಟು, ಹೊಸ ಲ್ಯಾಪ್‌ಟಾಪ್ ತಂದಿದ್ದಕ್ಕೆ ಧನ್ಯವಾದ ಹೇಳಿದರು. ನಾನು ಉತ್ಸಾಹದಲ್ಲಿ, “ಹಳೆಯ ಹದಿನೈದು ಹೇಗಿವೆ?” ಅಂದೆ.

“ಬಹಳ ಚೆನ್ನಾಗಿವೆ” ಅಂದರು. ಕುತ್ತಿಗೆಗೆ ಹಾಕಿಕೊಂಡಿದ್ದ ದಾರ ಎಳೆದು, ಅದರ ತುದಿಯ ಕೀಲಿಕೈ ಹಿಡಿದು, ತಮ್ಮ ಕೋಣೆಯ ಮೂಲೆಯಲ್ಲಿದ್ದ ಕಬ್ಬಿಣದ ಬೀರುವಿನ ಬೀಗ ತೆಗೆದರು. ಮೇಲಿನ ಎರಡು ಅರೆಯಲ್ಲಿ ನಮ್ಮ 15 ಲ್ಯಾಪ್‌ಟಾಪ್‌ಗಳು. ನಾವು ಸುತ್ತಿ ಕಳಿಸಿದ್ದ ಗುಳ್ಳೆ ಪ್ಲಾಸ್ಟಿಕ್ ಕೂಡ ಹರಿದಿರಲಿಲ್ಲ, ಒಂದರದ್ದನ್ನು ಬಿಟ್ಟು. ಕೆಳಗಿನ ಅರೆಯಲ್ಲಿ ಇನ್ನೂ ಹಿಂದೆ ಯಾವಾಗಲೋ ಬಂದಿದ್ದ ಟ್ಯಾಬ್ಲೆಟ್‌ಗಳು, ಬ್ಯಾಟರಿ ಉಬ್ಬಿ ಹೊಟ್ಟೆ ಬಿರಿದಿದ್ದವು.

“ಒಂದೂ ಕಳೆದಿಲ್ಲ. ಒಂದೂ ಒಡೆದಿಲ್ಲ” ಅಂದರು ಹೆಮ್ಮೆಯಿಂದ. ಆಮೇಲೆ ನನ್ನ ಮುಖ ನೋಡಿ ಏನೋ ತಪ್ಪಾಯಿತು ಅಂತ ಅವರಿಗೆ ಗೊತ್ತಾಗಿರಬೇಕು. ಫೈಲಿನಿಂದ ಒಂದು ಕಾಗದ ತೆಗೆದು ನನ್ನ ಮುಂದಿಟ್ಟರು. ನಾನು ಮಾಡಿದ್ದ ಫಾರಂ. ಅವರು ಬೆರಳಿಟ್ಟ ಸಾಲಿನ ಅರ್ಥ ಇಷ್ಟು: ಹಾನಿಯಾದರೆ ಅಥವಾ ಕಳುವಾದರೆ ಸ್ವೀಕರಿಸಿದ ವ್ಯಕ್ತಿಯೇ ವೈಯಕ್ತಿಕವಾಗಿ ಹೊಣೆ, ಪೂರ್ತಿ ಬೆಲೆಯನ್ನು ಅವರಿಂದ ವಸೂಲು ಮಾಡಲಾಗುವುದು.

“ನನಗೆ ನಾಲ್ಕು ಮಕ್ಕಳು. ಇಬ್ಬರು ಹೈಸ್ಕೂಲಿನಲ್ಲಿದ್ದಾರೆ. ಒಂದು ಲ್ಯಾಪ್‌ಟಾಪ್ ಬಿದ್ದರೆ ನನ್ನ ಸಂಬಳ ಹೋಗುತ್ತದೆ. ನೀವೇ ಹೇಳಿ, ನಾನು ಇದನ್ನು ಏಳು ವರ್ಷದ ಹುಡುಗನ ಕೈಗೆ ಕೊಡಲೇ?”

ಆ ಸಾಲು ನಾನು ಯೋಚಿಸಿ ಬರೆದದ್ದೇ ಅಲ್ಲ. ಬೆಂಗಳೂರಿನಲ್ಲಿ ಹೊಸ ಉದ್ಯೋಗಿಗೆ ಲ್ಯಾಪ್‌ಟಾಪ್ ಕೊಡುವಾಗ ಸಹಿ ಹಾಕಿಸಿಕೊಳ್ಳುವ ಫಾರಂ ಇರುತ್ತದಲ್ಲ, ನೀವೂ ಹಾಕಿರುತ್ತೀರಿ, ಓದದೆ. ಅದನ್ನೇ ಕಾಪಿ ಮಾಡಿ, ‘ಉದ್ಯೋಗಿ’ ಅಂತಿದ್ದ ಕಡೆ ‘ಮುಖ್ಯ ಶಿಕ್ಷಕರು’ ಅಂತ ಹಾಕಿ ಕಳಿಸಿದ್ದೆ. ಹತ್ತು ನಿಮಿಷದ ಕೆಲಸ. ಅವತ್ತು ಬೇಗ ಮನೆಗೆ ಹೋಗಿದ್ದೂ ನೆನಪಿದೆ. ಆ ಹತ್ತು ನಿಮಿಷಕ್ಕೆ ಈ ಶಾಲೆಯ ಮಕ್ಕಳು ಒಂದು ವರ್ಷಕ್ಕೂ ಹೆಚ್ಚು ಕಾಲ ಬೀರುವಿನ ಹೊರಗೆ ನಿಂತಿದ್ದರು.

ಇದನ್ನು ಬರೆದದ್ದು ನಾನೇ ಅಂತ ಅವರಿಗೆ ಆಗಲೇ ಹೇಳಿದೆನಾ? ಇಲ್ಲ. ಚಹಾ ಕುಡಿದೆ.

ನನಗೇ ಹೆಚ್ಚು ನಾಚಿಕೆಯಾಗಲು ಇನ್ನೊಂದು ಕಾರಣ ಇತ್ತು. ಗದಗ ಜಿಲ್ಲೆಯ ನಮ್ಮೂರ ಹೈಸ್ಕೂಲಿಗೂ ಕಂಪ್ಯೂಟರ್ ಬಂದಿತ್ತು. ಕೋಣೆಗೆ ನೀಲಿ ಪರದೆ, ನೆಲಕ್ಕೆ ಹಾಸು, ಬಾಗಿಲ ಹೊರಗೆ ಸಾಲಾಗಿ ಬಿಟ್ಟ ಚಪ್ಪಲಿ, ಒಳಗೆ ಗುಡಿಯ ವಾಸನೆ (ಊದಿನಕಡ್ಡಿ ಹಚ್ಚುತ್ತಿದ್ದರು, ನಿಜವಾಗಿ!). ಒಂದೊಂದು ಕಂಪ್ಯೂಟರಿಗೂ ಹೂವಿನ ಚಿತ್ರದ ಬಟ್ಟೆಯ ಹೊದಿಕೆ. ವಾರಕ್ಕೊಮ್ಮೆ ನಮ್ಮನ್ನು ಸಾಲಾಗಿ ಒಳಗೆ ಬಿಟ್ಟು, ಕೈ ಕಟ್ಟಿ ನಿಲ್ಲಿಸಿ, ಇದು ಮಾನಿಟರ್, ಇದು ಸಿಪಿಯು ಅಂತ ಕೋಲಿನಲ್ಲಿ ತೋರಿಸುತ್ತಿದ್ದರು. ಮೂರು ವರ್ಷದಲ್ಲಿ ನಾನು ಮೌಸ್ ಮುಟ್ಟಿದ್ದು ಒಂದೇ ಸಲ, ಅದೂ ಹೊದಿಕೆ ತೊಳೆಯಲು ಬಿಚ್ಚಿದಾಗ, ಕದ್ದು. ಕೀಲಿಕೈ ಹೆಡ್‌ಮಾಸ್ತರ ಅಂಗಿಯ ಕಿಸೆಯಲ್ಲಿತ್ತು. ಅವರನ್ನು ನಾವು ಎಷ್ಟು ಬೈದುಕೊಂಡಿದ್ದೆವು! ಅವರೂ ಯಾವುದೋ ಕಾಗದಕ್ಕೆ ಸಹಿ ಹಾಕಿದ್ದಿರಬಹುದು ಅಂತ ನನಗೆ ಹೊಳೆದದ್ದು ಆ ದಿನ, ಕಜಿಯಾಡೊದಲ್ಲಿ.

ಸರಿ, ಈಗ ತೆಗೆಯೋಣ, ನಾನೇ ಜೊತೆಗಿರುತ್ತೇನೆ ಅಂದೆ. ಮುಖ್ಯ ಶಿಕ್ಷಕಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಾವಾ” ಅಂದರು. ಸ್ವಾಹಿಲಿಯಲ್ಲಿ ಹಾಗಂದರೆ ಆಯ್ತು ಅಂತ.

ತೆಗೆದೆವು. ಒಂದೂ ಆನ್ ಆಗಲಿಲ್ಲ, ಚಾರ್ಜ್ ಪೂರ್ತಿ ಇಳಿದಿತ್ತು. ಶಾಲೆಗೆ ಕರೆಂಟಿದೆ. ಆದರೆ ಪ್ರೀಪೇಯ್ಡ್ ಮೀಟರ್. ಮೊಬೈಲಿನಿಂದ ದುಡ್ಡು ಕಟ್ಟಿ, ಬಂದ ನಂಬರನ್ನು ಮೀಟರಿಗೆ ಒತ್ತಬೇಕು. ಟೋಕನ್ ಅಂತಾರೆ. ಟೋಕನ್ ಮುಗಿದರೆ ಕತ್ತಲೆ. ಇಷ್ಟೊಂದು ಯಂತ್ರ ಚಾರ್ಜಿಗೆ ಹಾಕಿದರೆ ತಿಂಗಳ ಟೋಕನ್ ಒಂದೇ ದಿನದಲ್ಲಿ ಖಾಲಿಯಾಗುತ್ತದೆ ಅನ್ನೋದು ಅವರ ಇನ್ನೊಂದು ಭಯ. ಪೆನ್ನು ತೆಗೆದು ಲೆಕ್ಕ ಹಾಕಿ ತೋರಿಸಿದೆ. ಒಂದು ಬ್ಯಾಟರಿಗೆ ಹೆಚ್ಚೆಂದರೆ 50 ವ್ಯಾಟ್ ಅವರ್. ಹದಿನೈದಕ್ಕೆ 750. ಅಂದರೆ ಪೂರ್ತಿ ಒಂದು ಯೂನಿಟ್ ಕೂಡ ಇಲ್ಲ. ಅವರು ಕಾಗದವನ್ನು ಎರಡು ಸಲ ತಿರುಗಿಸಿ ನೋಡಿ, “ಎರಡು ಚಪಾತಿ ದುಡ್ಡು!” ಅಂದರು. ಈ ಲೆಕ್ಕವನ್ನು ಲ್ಯಾಪ್‌ಟಾಪ್ ಜೊತೆಗೇ ಒಂದು ಚೀಟಿಯಲ್ಲಿ ಬರೆದು ಕಳಿಸಬಹುದಿತ್ತು. ನಾವು ಕಳಿಸಿದ್ದು ಕಂಪನಿಯ ಸ್ಟಿಕ್ಕರ್.

ಚಾರ್ಜ್ ಆಗುವವರೆಗೆ ಒಂದಿಷ್ಟು ಹಿನ್ನೆಲೆ ಹೇಳುತ್ತೇನೆ. ಆಮೇಲೆ ಕೂತು ಓದಿಕೊಂಡದ್ದು ಇದು.

ಹಳ್ಳಿ ಮಕ್ಕಳಿಗೆ ಕಂಪ್ಯೂಟರ್ ಕೊಡುವ ಕನಸು ಆಫ್ರಿಕಾದಲ್ಲಿ ಹೊಸದಲ್ಲ. 2005ರಲ್ಲಿ ಟುನೀಶಿಯಾದ ಟ್ಯೂನಿಸ್‌ನಲ್ಲಿ ವಿಶ್ವಸಂಸ್ಥೆಯ ಸಮ್ಮೇಳನ. ಎಂಐಟಿಯ ನಿಕೊಲಸ್ ನೆಗ್ರೊಪಾಂಟೆ ನೂರು ಡಾಲರಿನ ಲ್ಯಾಪ್‌ಟಾಪ್ ಮಾದರಿ ತೋರಿಸಿದರು. ಹಸಿರು ಬಣ್ಣ, ಪಕ್ಕದಲ್ಲಿ ಹಳದಿ ಹಿಡಿಕೆ. ಕರೆಂಟಿಲ್ಲದ ಊರಲ್ಲಿ ಹಿಡಿಕೆ ತಿರುಗಿಸಿ ಚಾರ್ಜ್ ಮಾಡಬಹುದು ಅಂತ. ವೇದಿಕೆಯಲ್ಲಿ ಕೋಫಿ ಅನ್ನಾನ್ ತಿರುಗಿಸಲು ಹೋದರು, ಹಿಡಿಕೆ ಕಿತ್ತು ಕೈಗೆ ಬಂತು. ಮಾರಾಟಕ್ಕೆ ಬಂದ ಲ್ಯಾಪ್‌ಟಾಪ್‌ನಲ್ಲಿ ಹಿಡಿಕೆಯೂ ಇರಲಿಲ್ಲ, ಬೆಲೆಯೂ ನೂರು ಡಾಲರ್ ಇರಲಿಲ್ಲ. ಹೆಚ್ಚುಕಮ್ಮಿ ಇನ್ನೂರಾಗಿತ್ತು. ಆದರೂ ರುವಾಂಡಾ 2008ರಿಂದ ಶುರುಮಾಡಿ 2 ಲಕ್ಷಕ್ಕೂ ಹೆಚ್ಚು ಮಕ್ಕಳ ಕೈಗೆ ಅದನ್ನು ಕೊಟ್ಟಿತು. ಸಣ್ಣ ದೇಶ, ದೊಡ್ಡ ಮನಸ್ಸು.

2012ರಲ್ಲಿ ಅದೇ ಗುಂಪು ಇಥಿಯೋಪಿಯಾದ ವೊಂಚಿ ಮತ್ತು ವೊಲೊಂಚೆಟೆ ಎಂಬ ಎರಡು ಊರುಗಳಲ್ಲಿ ವಿಚಿತ್ರವಾದ ಪ್ರಯೋಗ ಮಾಡಿತು. ಶಾಲೆಯೇ ಇಲ್ಲದ ಮಕ್ಕಳು. ಟ್ಯಾಬ್ಲೆಟ್‌ಗಳನ್ನು ಡಬ್ಬಿಯಲ್ಲೇ ಇಟ್ಟು ಬಂದರು. ಸೌರಶಕ್ತಿಯಲ್ಲಿ ಚಾರ್ಜ್ ಮಾಡೋದನ್ನು ದೊಡ್ಡವರಿಗೆ ಹೇಳಿಕೊಟ್ಟದ್ದು ಬಿಟ್ಟರೆ ಬೇರೆ ಪಾಠ ಇಲ್ಲ. ನಾಲ್ಕು ನಿಮಿಷದಲ್ಲಿ ಒಂದು ಮಗು ಡಬ್ಬಿ ತೆರೆದು ಸ್ವಿಚ್ ಹುಡುಕಿ ಆನ್ ಮಾಡಿತು, ಐದು ತಿಂಗಳಲ್ಲಿ ಮಕ್ಕಳು ಬಂದ್ ಮಾಡಿಟ್ಟಿದ್ದ ಕ್ಯಾಮೆರಾವನ್ನು ತಾವೇ ತೆರೆದುಕೊಂಡವು ಅಂತ ನೆಗ್ರೊಪಾಂಟೆ ಹೇಳಿದರು. ಟೀಚರೇ ಬೇಡ ಅನ್ನುವಷ್ಟು ದೂರ ಈ ಕಥೆಯನ್ನು ಎಳೆದವರಿದ್ದಾರೆ. ನಾನು ಅಷ್ಟು ದೂರ ಹೋಗಲಾರೆ. ನನಗೆ ಮುಖ್ಯ ಅನ್ನಿಸಿದ್ದು ಬೇರೆ: ಅಲ್ಲಿ ಬೀರು ಇರಲಿಲ್ಲ.

ನಮ್ಮ ಬೆಂಗಳೂರಿಗೂ ಇದರಲ್ಲಿ ಒಂದು ಪಾಲಿದೆ ಅಂತ ಗೊತ್ತಾದಾಗ ಖುಷಿಯಾಯಿತು. ಟಾಂಜಾನಿಯಾದ ಟಾಂಗಾ ಪ್ರಾಂತ್ಯದ ಸುಮಾರು 170 ಹಳ್ಳಿಗಳಲ್ಲಿ, ಸ್ವಾಹಿಲಿಯಲ್ಲಿ ಮಕ್ಕಳು ತಾವಾಗಿಯೇ ಓದು, ಬರಹ, ಲೆಕ್ಕ ಕಲಿಯುವ ಆ್ಯಪ್‌ಗಳ ಸ್ಪರ್ಧೆ ನಡೆಯಿತು. ಗ್ಲೋಬಲ್ ಲರ್ನಿಂಗ್ ಎಕ್ಸ್‌ಪ್ರೈಜ್ ಅಂತ. ಕೊನೆಯ ಸುತ್ತಿಗೆ ಬಂದ ಐದು ತಂಡಗಳಲ್ಲಿ ಬೆಂಗಳೂರಿನ ಚಿಂಪಲ್ ಒಂದು. 2019ರಲ್ಲಿ ಬಹುಮಾನ ಕಿಟ್‌ಕಿಟ್ ಸ್ಕೂಲ್ ಮತ್ತು ಒನ್‌ಬಿಲಿಯನ್ ತಂಡಗಳಿಗೆ ಹಂಚಿಹೋಯಿತು. ಅಲ್ಲಿಯ ಮಕ್ಕಳಲ್ಲಿ ಮುಕ್ಕಾಲು ಪಾಲು ಅದುವರೆಗೆ ಶಾಲೆ ಮೆಟ್ಟಿಲು ಹತ್ತಿದವರೇ ಅಲ್ಲವಂತೆ.

ಕೀನ್ಯಾದ್ದು ಚುನಾವಣೆಯ ಕಥೆ. 2013ರಲ್ಲಿ, ಒಂದನೇ ತರಗತಿಗೆ ಸೇರುವ ಪ್ರತಿ ಮಗುವಿಗೂ ಲ್ಯಾಪ್‌ಟಾಪ್ ಅಂತ ಭರವಸೆ. ಟೆಂಡರ್ ಜಗಳ, ರದ್ದು, ಮತ್ತೆ ಟೆಂಡರ್. ಕೊನೆಗೆ 2016ರಲ್ಲಿ ಬಂದದ್ದು ಟ್ಯಾಬ್ಲೆಟ್, ಮಗುವಿಗಲ್ಲ, ಶಾಲೆಗೆ. ಮುಂದಿನ ಕೆಲವು ವರ್ಷಗಳಲ್ಲಿ 20 ಸಾವಿರಕ್ಕೂ ಹೆಚ್ಚು ಸರ್ಕಾರಿ ಶಾಲೆಗಳಿಗೆ 10 ಲಕ್ಷಕ್ಕೂ ಹೆಚ್ಚು ಸಾಧನಗಳು ಹೋದವು. ಸಣ್ಣ ಕೆಲಸವಲ್ಲ, ಎಷ್ಟೋ ಶಾಲೆಗೆ ಕರೆಂಟು ಬಂದದ್ದೇ ಈ ನೆಪದಲ್ಲಿ. ಆದರೆ ಕಳ್ಳತನದ ಭಯಕ್ಕೆ ಕಿಟಕಿಗೆ ಸರಳು, ಬಾಗಿಲಿಗೆ ಕಬ್ಬಿಣ, ಒಳಗೆ ಬೀರು, ಬೀರುವಿಗೆ ಬೀಗ ಅನ್ನುವ ಕಥೆ ಇಲ್ಲಿಯ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ.

ಇದಕ್ಕೆ ಪೂರ್ತಿ ಉಲ್ಟಾ ಘಾನಾದ ಮೇಷ್ಟ್ರು ರಿಚರ್ಡ್ ಅಪ್ಪಿಯಾ ಅಕೋಟೊ. ಹಳ್ಳಿ ಶಾಲೆ, ಒಂದೂ ಕಂಪ್ಯೂಟರ್ ಇಲ್ಲ, ಆದರೆ ಸರ್ಕಾರಿ ಪರೀಕ್ಷೆಯಲ್ಲಿ ಕಂಪ್ಯೂಟರ್ ವಿಷಯ ಇದೆ. 2018ರಲ್ಲಿ ಅವರು ಬಣ್ಣದ ಸೀಮೆಸುಣ್ಣದಲ್ಲಿ ಮೈಕ್ರೊಸಾಫ್ಟ್ ವರ್ಡ್‌ನ ಇಡೀ ಪರದೆಯನ್ನು ಕರಿಹಲಗೆಯ ಮೇಲೆ ಬಿಡಿಸಿದರು, ಒಂದೊಂದು ಬಟನ್ನೂ ಸಹಿತ. ಫೇಸ್‌ಬುಕ್ಕಿಗೆ ಹಾಕಿದ ಫೋಟೊ ಜಗತ್ತೆಲ್ಲ ಸುತ್ತಿತು. ಮೈಕ್ರೊಸಾಫ್ಟ್ ಅವರನ್ನು ಸಿಂಗಾಪುರಕ್ಕೆ ಕರೆಸಿತು, ನಮ್ಮ ಎನ್‌ಐಐಟಿಯ ಘಾನಾ ಶಾಖೆ ಐದು ಕಂಪ್ಯೂಟರ್ ಕೊಟ್ಟಿತು. ಆ ಫೋಟೊ 2018ರಲ್ಲೇ ನನ್ನ ಫೋನಿಗೂ ಬಂದಿತ್ತು. ನಾನೂ ‘ವಾವ್’ ಅಂತ ಫಾರ್ವರ್ಡ್ ಮಾಡಿದ್ದೆ. ಅಲ್ಲಿ ಕಂಪ್ಯೂಟರ್ ಇರಲಿಲ್ಲ, ಕಲಿಸುವ ಮೇಷ್ಟ್ರಿದ್ದರು. ನಮ್ಮ ಬೀರುವಿನಲ್ಲಿ ಹದಿನೈದು ಇದ್ದವು.

ಅಷ್ಟರಲ್ಲಿ ಚಾರ್ಜ್ ಆಯಿತು. ಮಕ್ಕಳು ಬೆಂಚಿನ ಮೇಲೆ ಮೂವರಿಗೊಂದರಂತೆ ಕೂತರು, ನೆಲದ ಮೇಲೆ ಇನ್ನಷ್ಟು, ಕಿಟಕಿಯಲ್ಲಿ ತಲೆಗಳು. ಪರದೆ ಬೆಳಗಿತು, ಎಲ್ಲರೂ ಹೋ ಅಂದರು. ಪಾಸ್‌ವರ್ಡ್ ಕೇಳಿತು.

ಪಾಸ್‌ವರ್ಡ್ ನೈರೋಬಿಯಲ್ಲಿತ್ತು.

ನಗಬೇಡಿ. ನಮ್ಮ ಐಟಿ ವಿಭಾಗ ಎಲ್ಲ ಯಂತ್ರಕ್ಕೂ ಹಾಕುವ ಪಾಸ್‌ವರ್ಡ್ ತೆಗೆಯಲು ಮರೆತಿದ್ದರು. ಅಂದರೆ, ತೆಗೆದಿದ್ದಾರಾ ಅಂತ ನೋಡುವುದನ್ನು ನಾನು ಮರೆತಿದ್ದೆ. ಶಾಲೆಯಲ್ಲಿ ನೆಟ್‌ವರ್ಕ್ ಸಿಗುವುದು ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ನಿಂತರೆ ಮಾತ್ರ. ಕಟ್ಟೆ ಹತ್ತಿ, ಒಂದು ಕೈಯಲ್ಲಿ ದುಪಟ್ಟಾ ಹಿಡಿದು, ಇನ್ನೊಂದರಲ್ಲಿ ಫೋನ್ ಹಿಡಿದು, ಆಫೀಸಿನ ಹುಡುಗನಿಗೆ ಕಿರುಚಿ ಹದಿನಾಲ್ಕು ಅಕ್ಷರದ ಪಾಸ್‌ವರ್ಡನ್ನು ಅಂಗೈ ಮೇಲೆ ಬರೆದುಕೊಂಡೆ. ಕೆಳಗೆ ಇಡೀ ಶಾಲೆ ನಿಂತು ನೋಡುತ್ತಿತ್ತು. ಅವರಿಗೆ ಅಂದಿನ ಮುಖ್ಯ ಮನರಂಜನೆ ಕಂಪ್ಯೂಟರ್ ಅಲ್ಲ, ನಾನೇ.

ಗುಳ್ಳೆ ಪ್ಲಾಸ್ಟಿಕ್ ಹರಿದಿದ್ದ ಆ ಒಂದು ಲ್ಯಾಪ್‌ಟಾಪಿನ ಕಥೆಯೂ ಆಗಲೇ ಹೊರಬಂತು. ಕಳಿಸಿದ ಹೊಸದರಲ್ಲಿ ಯುವ ಶಿಕ್ಷಕರೊಬ್ಬರು ಧೈರ್ಯ ಮಾಡಿ ಅದನ್ನು ತೆಗೆದಿದ್ದರಂತೆ. ಅದೊಂದಕ್ಕೆ ಪಾಸ್‌ವರ್ಡ್ ಇರಲಿಲ್ಲ. ಮುಖ್ಯ ಶಿಕ್ಷಕಿಯ ಫೋನಿನ ಹಾಟ್‌ಸ್ಪಾಟ್‌ಗೆ ಜೋಡಿಸಿದರು, ಮಕ್ಕಳಿಗೆ ಆನೆಯ ವಿಡಿಯೊ ತೋರಿಸೋಣ ಅಂತ. ಆನೆ ಬರುವ ಮೊದಲೇ ಲ್ಯಾಪ್‌ಟಾಪ್ ತನ್ನ ಪಾಡಿಗೆ ತಾನು ಅಪ್‌ಡೇಟ್ ಇಳಿಸಿಕೊಳ್ಳಲು ಶುರುಮಾಡಿ, ಅವರು ಸ್ವಂತ ದುಡ್ಡಿನಲ್ಲಿ ಹಾಕಿಸಿದ್ದ ತಿಂಗಳ ಡೇಟಾವನ್ನು ನುಂಗಿಬಿಟ್ಟಿತು. ಆವತ್ತೇ ಬೀಗ ಬಿದ್ದದ್ದು. ಎಂ-ಪೇಸಾ ಬಂದ 2007ರಿಂದ ಈ ಊರ ಅಜ್ಜಿಯಂದಿರು ಸಾದಾ ಫೋನಿನಲ್ಲಿ ದುಡ್ಡು ಕಳಿಸುತ್ತಾ, ಪಡೆಯುತ್ತಾ ಇದ್ದಾರೆ. ಯಂತ್ರದ ಭಯ ಇಲ್ಲಿ ಯಾರಿಗೂ ಇಲ್ಲ. ಖರ್ಚು ಗೊತ್ತಾಗದ ಯಂತ್ರದ ಭಯ ಇದೆ. ನನಗೂ ಇದೆ, ಸತ್ಯ ಹೇಳಬೇಕಂದ್ರೆ.

ಹಾಗಾಗಿ ಈ ಸಲ ನಾನು ಇಂಟರ್‌ನೆಟ್ ಬೇಡದ್ದನ್ನೇ ತಂದಿದ್ದೆ. ಕಿವಿಕ್ಸ್ ಅಂತ ಒಂದು ಉಚಿತ ತಂತ್ರಾಂಶ ಇದೆ. ವಿಕಿಪೀಡಿಯವನ್ನು ಪೂರ್ತಿ ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ನೆಟ್ ಇಲ್ಲದೆ ಓದಬಹುದು. ಸ್ವಾಹಿಲಿ ವಿಕಿಪೀಡಿಯ, ಚಿತ್ರ ಬಿಡಿಸುವ ತಂತ್ರಾಂಶ, ಟೈಪಿಂಗ್ ಕಲಿಸುವ ಆಟ, ಲಿಬ್ರೆ ಆಫೀಸ್. ಇಷ್ಟನ್ನು ಒಂದೊಂದಕ್ಕೂ ಹಾಕುತ್ತಾ ಹೋದೆ. ಮೊದಲ ಅರ್ಧ ಗಂಟೆ ಮಕ್ಕಳು ಬೆರಳ ತುದಿಯಲ್ಲಿ, ಬಿಸಿ ರೊಟ್ಟಿ ಮುಟ್ಟಿದ ಹಾಗೆ ಮುಟ್ಟುತ್ತಿದ್ದರು. ಮೌಸಿಗೆ ಸ್ವಾಹಿಲಿಯಲ್ಲಿ ‘ಕಿಪಾನ್ಯಾ’, ಪುಟ್ಟ ಇಲಿ, ಅಂತ ಡ್ರೈವರ್ ಹೇಳಿದ್ದೇ ತಡ, ಒಬ್ಬಳು ಹುಡುಗಿ ಅದರ ಬಾಲ ಹಿಡಿದು ಎತ್ತಿ ಪಕ್ಕದವಳ ಕುತ್ತಿಗೆಗೆ ಬಿಟ್ಟಳು. ಕಿರುಚಾಟ. ಮುಖ್ಯ ಶಿಕ್ಷಕಿ ಎದ್ದು ನಿಂತರು. ನಾನು ಅವರ ಕೈ ಹಿಡಿದುಕೊಂಡೆ. ಅವರ ಕೈ ತಣ್ಣಗಿತ್ತು.

ಆರನೇ ತರಗತಿಯ ಒಬ್ಬ ಹುಡುಗ ಗದ್ದಲದಲ್ಲಿ ಸೇರದೆ ಮೂಲೆಯ ಯಂತ್ರದಲ್ಲಿ ಸ್ಪ್ರೆಡ್‌ಶೀಟ್ ತೆರೆದುಕೊಂಡಿದ್ದ. ಒಂದು ಬೆರಳಿನಲ್ಲಿ ಏನೋ ಪಟ್ಟಿ ಮಾಡುತ್ತಿದ್ದ. ಯುವ ಶಿಕ್ಷಕರು ಇಣುಕಿ ನೋಡಿ, “ಅವನ ಮನೆಯ ದನಗಳು” ಅಂದರು. ಮಾ ಭಾಷೆಯಲ್ಲಿ ಒಂದೊಂದು ಸಾಲಿಗೆ ಒಂದೊಂದು ದನ. ಕೆಂದು ಬಣ್ಣದ್ದು, ಹೊಟ್ಟೆ ಬಿಳಿಯದ್ದು, ಕೊಂಬು ಮುರಿದದ್ದು, ಹೀಗೆ. ನನ್ನ ಎಂಜಿನಿಯರ್ ಬುದ್ಧಿ ಸುಮ್ಮನಿರುತ್ತದಾ? ಹತ್ತಿರ ಕೂತು, ಕೊನೆಯಲ್ಲಿ ಒಂದು ಸೂತ್ರ ಹಾಕಿದರೆ ಒಟ್ಟು ಎಷ್ಟು ಅಂತ ತಾನೇ ಎಣಿಸಿ ಹೇಳುತ್ತದೆ ನೋಡು ಅಂತ ತೋರಿಸಲು ಹೋದೆ. ಹುಡುಗ ತಲೆ ಅಲ್ಲಾಡಿಸಿದ. ದನ ಎಣಿಸಬಾರದು ಅಂತ ಅಜ್ಜ ಹೇಳುತ್ತಾನೆ, ಮುಖ ನೋಡಿ ಗುರುತು ಹಿಡಿಯಬೇಕು, ಯಾವುದು ಇಲ್ಲ ಅಂತ ತಾನಾಗೇ ಗೊತ್ತಾಗುತ್ತದೆ, ಅಂದ.

ಆಮೇಲೆ ಅವನೇ ಮೇಲಿನ ಬಟನ್‌ಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಾ ಬಣ್ಣ ತುಂಬುವ ಬಕೆಟ್ ಹುಡುಕಿಕೊಂಡ. ಒಂದು ಸಾಲಿಗೆ ಬೂದು ಬಣ್ಣ ಹಾಕಿದ. ಇನ್ನೊಂದಕ್ಕೆ ಹಾಕಿದ. ಕೆಳಗೆ ಹೋಗುತ್ತಾ ಹೋಗುತ್ತಾ ಮುಕ್ಕಾಲು ಪಾಲು ಪರದೆ ಬೂದಾಯಿತು. 2020ರ ಕೊನೆಯಿಂದ ಈ ಕಡೆ ಸಾಲಾಗಿ ಐದು ಮಳೆಗಾಲ ಕೈಕೊಟ್ಟಿದ್ದವು. ನಾವು ಲ್ಯಾಪ್‌ಟಾಪ್ ಕಳಿಸಿದ 2022ರ ಕೊನೆಯಲ್ಲಿ, ನಮ್ಮ ಕ್ಯಾಲೆಂಡರಿನ ಫೋಟೊ ತೆಗೆದ ದಿನಗಳಲ್ಲಿ, ಇಲ್ಲಿ ರಸ್ತೆ ಪಕ್ಕದಲ್ಲಿ ದನಗಳ ಹೆಣ ಬಿದ್ದಿದ್ದವಂತೆ. ಬೂದು ಸಾಲುಗಳು ಎಷ್ಟು ಅಂತ ನಾನೂ ಎಣಿಸಲಿಲ್ಲ. ಫೈಲನ್ನು ಸೇವ್ ಮಾಡೋದು ಹೇಗೆ ಅಂತ ಮಾತ್ರ ಹೇಳಿಕೊಟ್ಟೆ. ಹೆಸರು ಕೇಳಿತು. ಅವನು ಅಜ್ಜನ ಹೆಸರು ಹಾಕಿದ.

ಸಂಜೆ ಹೊರಡುವ ಮೊದಲು ಮುಖ್ಯ ಶಿಕ್ಷಕಿಗೆ ನಿಜ ಹೇಳಿದೆ, ಆ ಫಾರಂ ನಾನು ಬರೆದದ್ದು ಅಂತ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಹಾಗಾದರೆ ನೀವೇ ತೆಗೆಯಿರಿ” ಅಂದರು. ಹೊಸ 12ಕ್ಕೆ ಸಹಿ ಹಾಕಲು ಒಪ್ಪಲಿಲ್ಲ. ಸರಿಯಾಗಿಯೇ ಇತ್ತು. ಸಹಿಯಿಲ್ಲದೆ ಬಿಟ್ಟು ಬಂದೆ. ನಮ್ಮ ಆಫೀಸಿನ ಲೆಕ್ಕದಲ್ಲಿ ಅದು ದೊಡ್ಡ ಅಪರಾಧ.

ಫಾರಂನ ಆ ಒಂದು ಸಾಲು ತೆಗೆಯಲು ನನಗೆ ಮೂರು ತಿಂಗಳು ಹಿಡಿಯಿತು! ಬೆಂಗಳೂರಿನ ಕಾನೂನು ವಿಭಾಗದವರು ಆಡಿಟ್ ಅಂದರು, ಆಡಿಟ್‌ನವರು ಕಾನೂನು ಅಂದರು. ಕೊನೆಗೆ ಲೆಕ್ಕಪತ್ರದವರಿಂದಲೇ ಬಾಯಿ ಬಿಡಿಸಿದೆ: ಮೂರು ವರ್ಷ ದಾಟಿದ ಲ್ಯಾಪ್‌ಟಾಪಿಗೆ ನಮ್ಮ ಪುಸ್ತಕದಲ್ಲಿ ಬೆಲೆ ಬಹುತೇಕ ಸೊನ್ನೆ. ನಾವು ಸೊನ್ನೆ ಅಂತ ಬರೆದುಕೊಂಡದ್ದಕ್ಕೆ ಒಬ್ಬ ಹಳ್ಳಿ ಟೀಚರಿಂದ ಪೂರ್ತಿ ಬೆಲೆ ವಸೂಲು ಮಾಡುತ್ತೇವಾ ಅಂತ ಒಂದು ಮೀಟಿಂಗಿನಲ್ಲಿ ಕೇಳಿದೆ. ಯಾರೂ ಮಾತಾಡಲಿಲ್ಲ. ಯಾರೋ ಮ್ಯೂಟ್‌ನಲ್ಲಿದ್ದೀರಿ ಅಂದರು, ಇರಲಿಲ್ಲ. ಹೊಸ ಫಾರಂನಲ್ಲಿ ಈಗ, ಹತ್ತರಲ್ಲಿ ಎರಡು ಒಡೆಯುತ್ತವೆ ಅಂತ ಮೊದಲೇ ಲೆಕ್ಕಕ್ಕೆ ಹಿಡಿದಿದ್ದೇವೆ. ಕೆಳಗೆ ಪಾಸ್‌ವರ್ಡ್, ಅಪ್‌ಡೇಟ್ ನಿಲ್ಲಿಸುವುದು ಹೇಗೆ, ಮತ್ತೆ ಆ ಎರಡು ಚಪಾತಿ ಲೆಕ್ಕ.

ಅದನ್ನು ಕೊಡಲು ಏಪ್ರಿಲ್ ಕೊನೆಯಲ್ಲೇ ಹೋಗಬೇಕಿತ್ತು. ಆದರೆ ಆ ವರ್ಷ ಬರದ ಬದಲು ಪ್ರವಾಹ. ಇಡೀ ಕೀನ್ಯಾದಲ್ಲಿ ಶಾಲೆ ತೆರೆಯುವುದನ್ನೇ ಎರಡು ವಾರ ಮುಂದೂಡಿದರು. ಮೊರಂ ರಸ್ತೆ ಕೊಚ್ಚಿಹೋಗಿತ್ತು. ಜೂನ್ ಮೊದಲ ವಾರ ಅಂತೂ ಹೋದೆ. ಎರೆ ಮಣ್ಣಿನಲ್ಲಿ ಕಾರು ಹೂತು, ಕೊನೆಯ ಎರಡು ಕಿಲೋಮೀಟರ್ ಬೈಕಿನಲ್ಲಿ. ಬೀರು ಅಲ್ಲೇ ಇತ್ತು, ಬೀಗವೂ ಇತ್ತು. ಕೀಲಿಕೈ ಮಾತ್ರ ಕರಿಹಲಗೆಯ ಪಕ್ಕದ ಮೊಳೆಗೆ ನೇತುಹಾಕಿದ್ದರು. ಬೆಳಿಗ್ಗೆ ತೆಗೆಯುವುದು, ಸಂಜೆ ಹಾಕುವುದು, ಎಣಿಸಿಡುವುದು ಏಳನೇ ತರಗತಿಯ ಇಬ್ಬರು ಹುಡುಗಿಯರ ಜವಾಬ್ದಾರಿ. (ಲ್ಯಾಪ್‌ಟಾಪ್ ಎಣಿಸಬಹುದಂತೆ, ದನ ಮಾತ್ರ ಎಣಿಸಬಾರದು.) ಅವರಲ್ಲಿ ಒಬ್ಬಳು ಯುವ ಶಿಕ್ಷಕರಿಗೇ ಟೈಪಿಂಗ್‌ನಲ್ಲಿ ತಪ್ಪು ತೋರಿಸುತ್ತಿದ್ದಳು. ಅವರು ಪಾಪ ಕಿವಿ ಕೆಂಪು ಮಾಡಿಕೊಂಡು ತಿದ್ದಿಕೊಳ್ಳುತ್ತಿದ್ದರು.

ಆಮೇಲೆ ನಮ್ಮ ಸಂಪರ್ಕವೆಲ್ಲ ವಾಟ್ಸ್‌ಆ್ಯಪ್‌ನಲ್ಲಿ. ಮುಖ್ಯ ಶಿಕ್ಷಕಿ ನೀರಿನ ಟ್ಯಾಂಕಿನ ಕಟ್ಟೆ ಹತ್ತಿ ಕಳಿಸುತ್ತಾರೆ ಅಂತ ಗೊತ್ತಿರುವುದರಿಂದ ಒಂದೊಂದು ಸಂದೇಶಕ್ಕೂ ಬೆಲೆ ಹೆಚ್ಚು. ಒಂದರ ಪರದೆ ಬಿರುಕು ಬಿಟ್ಟಿದೆ, ಐದನೇ ತರಗತಿ, ಫುಟ್‌ಬಾಲ್, ಅಂತ ಒಂದು ಸಲ. ಮೊದಲಾಗಿದ್ದರೆ ಆ ಸುದ್ದಿ ಬರೆಯಲು ಅವರ ಕೈ ನಡುಗುತ್ತಿತ್ತೇನೋ. ಇದರ ಜೊತೆಗೆ ನಗುವ ಮುಖದ ಚಿತ್ರವೂ ಇತ್ತು. ಇನ್ನೊಂದು ಮಳೆಗೆ ನೆನೆದು ಸತ್ತಿತು. ಒಂದನ್ನು ಯಾರೋ ಒಯ್ದರು, ಇದುವರೆಗೂ ಸಿಕ್ಕಿಲ್ಲ.

ಮೊನ್ನೆ ಬಂದ ಸಂದೇಶ ಇದು: “ಎಂಟು ಲ್ಯಾಪ್‌ಟಾಪ್‌ನಲ್ಲಿ ‘ಎ’ ಅಕ್ಷರ ಅಳಿಸಿಹೋಗಿದೆ. ಸ್ವಾಹಿಲಿಯಲ್ಲಿ ಅದೇ ಜಾಸ್ತಿ ಬರೋದು. ಮಕ್ಕಳಿಗೆ ಎಲ್ಲಿದೆ ಅಂತ ಗೊತ್ತು, ನನಗೇ ಹುಡುಕೋದು ಕಷ್ಟ. ಮುಂದಿನ ಸಲ ಬರುವಾಗ ಸ್ಟಿಕ್ಕರ್ ತರ್ತೀರಾ?”